ಬೇಲಿ ಏಳುವ ಹೊತ್ತು

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ನಮ್ಮ ಬಾಯಿಗೆ ಬರುವುದು ಹೆಚ್ಚಾಗಿ ಲಂಚ ತಿಂದ ಅಧಿಕಾರಿಯನ್ನೋ ಠೇವಣಿ ನುಂಗಿದ ಕಾರ್ಯದರ್ಶಿಯನ್ನೋ ಬೈಯುವಾಗ. ಬೈಗುಳದ ಭರದಲ್ಲಿ ನಮ್ಮ ಕಿವಿಗೆ ಬೀಳುವುದು ‘ಮೇಯ್ದಂತೆ’ ಮಾತ್ರ, ‘ಎದ್ದು’ ಎಂಬ ಪುಟ್ಟ ಮಾತು ಜಾರಿಹೋಗುತ್ತದೆ. ಗಾದೆಯ ಜೀವ ಇರುವುದು ಅಲ್ಲಿ. ಮೇಯಬೇಕಾದರೆ ಬೇಲಿ ಮೊದಲು ಏಳಬೇಕು, ಏಳಲು ಅದಕ್ಕೊಂದು ನೆವ ಬೇಕು. ದನ ನುಗ್ಗಿದ ರಾತ್ರಿಗಿಂತ ಒಳ್ಳೆಯ ನೆವ ಯಾವುದಿದೆ? ಅಂಥ ರಾತ್ರಿ ಬೇಲಿ ಇನ್ನೂ ಎತ್ತರವಾಗಲಿ, ದಟ್ಟವಾಗಲಿ ಎಂದು ಬೇಡುವವನು ಹೊಲದ ಯಜಮಾನನೇ. ರೈತನಿಗೆ ಗೊತ್ತಿರುವ ಬೇಲಿಗಳು ಎರಡು ಬಗೆ. ಜಾಲಿಮುಳ್ಳು ಕಡಿದು ಒಡ್ಡಿದ ಒಣಬೇಲಿ ಪೈರು ಇರುವಷ್ಟು ದಿನ ಮಾತ್ರ. ಸುಗ್ಗಿ ಮುಗಿದರೆ ಒಲೆಗೆ ಹೋಗುತ್ತದೆ. ಕಳ್ಳಿಯ ಹಸಿಬೇಲಿ ಬೇರು ಬಿಡುತ್ತದೆ. ವರ್ಷಕ್ಕೊಂದು ಗೇಣು ಬದು ದಾಟಿ ಒಳಗೆ ಬಂದು, ಒಂದು ದಿನ ಉಳಲು ಹೋದರೆ ಎರಡು ಸಾಲು ಕಾಣೆ. ಯುದ್ಧಕಾಲದಲ್ಲಿ ಪ್ರಜಾಪ್ರಭುತ್ವವನ್ನು ಕಾಯುವ ನಾಯಕ ಮಾಡಬೇಕಾದ್ದು ಏನು ಎಂದರೆ, ತಾನು ಹಾಕಿದ ಬೇಲಿ ಒಣಬೇಲಿಯಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು. ಗಡಿ ಕಾಯಲು ಸೈನ್ಯವಿದೆ. ಬೇಲಿ ಕೀಳಲು ಮನಸ್ಸು ಮಾಡಬೇಕಾದವನು ನಾಯಕನೇ.

ಈ ಪರೀಕ್ಷೆಯಲ್ಲಿ ಅರ್ಧ ಗೆದ್ದು ಅರ್ಧ ಸೋತವರು ಜವಾಹರಲಾಲ್ ನೆಹರೂ. 1962ರ ಅಕ್ಟೋಬರ್ 20ರಂದು ಚೀನಾದ ಸೇನೆ ಗಡಿ ದಾಟಿತು. 26ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಂಸತ್ತನ್ನು ಬೇಗ ಕರೆಯಿರಿ ಎಂದು ಕೇಳಿದ ವಿರೋಧ ಪಕ್ಷದವರಲ್ಲಿ ಆಗಿನ್ನೂ ಮೂವತ್ತೇಳರ ಅಟಲ್ ಬಿಹಾರಿ ವಾಜಪೇಯಿ ಇದ್ದರು. ನೆಹರೂ ಒಪ್ಪಿ ಅಧಿವೇಶನವನ್ನು ನವೆಂಬರ್ 8ಕ್ಕೇ ಕರೆದರು, ಗಡಿಯಲ್ಲಿ ಯುದ್ಧ ಇನ್ನೂ ನಡೆಯುತ್ತಿರುವಾಗಲೇ. ಬಾಗಿಲು ಮುಚ್ಚಿ ಗುಪ್ತವಾಗಿ ಚರ್ಚಿಸೋಣ ಎಂಬ ಸಲಹೆಯನ್ನು ಅವರು ತಳ್ಳಿಹಾಕಿದರು. ಅದಕ್ಕೆ ಮೊದಲೇ, ಸ್ವಂತ ಪಕ್ಷದ ಸಂಸದರ ಒತ್ತಡಕ್ಕೆ ಮಣಿದು, ಆಪ್ತ ಗೆಳೆಯ ಕೃಷ್ಣ ಮೆನನ್‌ರನ್ನು ಸಂಪುಟದಿಂದ ಬಿಟ್ಟುಕೊಟ್ಟಿದ್ದರು. ಮರುವರ್ಷದ ಆಗಸ್ಟ್‌ನಲ್ಲಿ ಆಚಾರ್ಯ ಕೃಪಲಾನಿ ಲೋಕಸಭೆಯ ಇತಿಹಾಸದ ಮೊದಲ ಅವಿಶ್ವಾಸ ಗೊತ್ತುವಳಿ ತಂದರು. ಅದು 347ಕ್ಕೆ 62 ಮತಗಳಿಂದ ಬಿದ್ದಿತು. ಬೀಳುವುದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಮಣಿಪುರದಿಂದ ಮಲಬಾರಿನವರೆಗಿನ ಸದಸ್ಯರ ಟೀಕೆ ಕೇಳುತ್ತ ದಿನಗಟ್ಟಲೆ ಕೂತದ್ದು ಸಣ್ಣ ಮಾತಲ್ಲ.

ವೈರಿ ಮನೆಬಾಗಿಲಿಗೆ ಬಂದಾಗ ಇಷ್ಟೆಲ್ಲ ಮಾತೇಕೆ, ಯುದ್ಧಕ್ಕೆ ಬೇಕಾದದ್ದು ಒಂದೇ ದನಿಯಲ್ಲವೇ ಎಂದು ಕೇಳುವವರಿದ್ದಾರೆ. ತಳ್ಳಿಹಾಕುವ ಮಾತಲ್ಲ. ಸೈನ್ಯ ಯಾವ ಕಣಿವೆಯಲ್ಲಿದೆ ಎಂದು ಸದನದಲ್ಲಿ ಸಾರಬೇಕಿಲ್ಲ. ಆದರೆ 1962ರಲ್ಲಿ ನಾವು ಕೆಟ್ಟದ್ದು ಮಾತು ಹೆಚ್ಚಾಗಿ ಅಲ್ಲ, ಕೇಳಬೇಕಾದ ಮಾತನ್ನು ಕೇಳದೆ. ಕೊಡಗಿನ ಜನರಲ್ ತಿಮ್ಮಯ್ಯ ಸೇನೆಯ ಮುಖ್ಯಸ್ಥರಾಗಿದ್ದಾಗ, 1959ರಲ್ಲಿ, ರಕ್ಷಣಾ ಸಚಿವರಾಗಿದ್ದ ಮೆನನ್‌ರ ನಡೆಗೆ ಬೇಸತ್ತು ರಾಜೀನಾಮೆ ಬರೆದರು. ನೆಹರೂ ಕರೆಸಿ, ಸಮಾಧಾನ ಹೇಳಿ, ಹಿಂತೆಗೆಸಿದರು. ಆಮೇಲೆ ಅದೇ ರಾಜೀನಾಮೆಗಾಗಿ ಸಂಸತ್ತಿನಲ್ಲಿ ಅವರನ್ನೇ ಆಕ್ಷೇಪಿಸಿದರು. ಸೈನ್ಯ ಸರ್ಕಾರದ ಅಧೀನದಲ್ಲಿರಬೇಕು ಎಂಬ ತತ್ವ ಸರಿಯೇ. ಆದರೆ ಎದುರಾಡಿದವರಿಗೆ ಈ ಗತಿ ಎಂದು ಉಳಿದ ಅಧಿಕಾರಿಗಳು ತಿಳಿದುಕೊಂಡರೆ ತಪ್ಪೇನು? ಒಂದೇ ದನಿ ಬೇಕೆನ್ನುವವರು, ಆ ದನಿ ಶಾಂತಿಕಾಲದಲ್ಲಿ ನಮ್ಮನ್ನು ಎಲ್ಲಿಗೆ ಒಯ್ದಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನು ಸೋತ ಅರ್ಧ. ಚೀನಾ ನವೆಂಬರ್ 21ಕ್ಕೆ ಕದನವಿರಾಮ ಸಾರಿತು. ಯುದ್ಧ ನಡೆದದ್ದು ಒಂದು ತಿಂಗಳು. ಅದಕ್ಕೆಂದು ಹೇರಿದ ತುರ್ತು ಪರಿಸ್ಥಿತಿ ಮುಗಿದದ್ದು 1968ರ ಜನವರಿಯಲ್ಲಿ, ನೆಹರೂ ತೀರಿಕೊಂಡು ಮೂರು ವರ್ಷ ಕಳೆದ ಮೇಲೆ. ಅಷ್ಟು ಕಾಲ ಅದು ಸುಮ್ಮನೆ ನಿಂತಿರಲಿಲ್ಲ. ಅಸ್ಸಾಮಿನ ಮಾಕುಮ್‌ನಂಥ ಊರುಗಳಿಂದ ಚೀನೀ ಮೂಲದ ಸುಮಾರು 3,000 ಜನರನ್ನು ಮಕ್ಕಳುಮರಿಗಳ ಸಮೇತ ರೈಲು ಹತ್ತಿಸಿ, ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಿದರು. ಇಲ್ಲೇ ಹುಟ್ಟಿ ಅಸ್ಸಾಮಿ ಮಾತಾಡಿಕೊಂಡಿದ್ದವರು ಅವರಲ್ಲಿ ಎಷ್ಟೋ ಮಂದಿ. ವಿಚಾರಣೆ ಇಲ್ಲ, ಆರೋಪಪಟ್ಟಿ ಇಲ್ಲ. ಬಂದೂಕು ಮೌನವಾಗಿ ವರ್ಷಗಳಾದರೂ ಕೆಲವರು ಅಲ್ಲೇ ಇದ್ದರು. ಸಂಸತ್ತಿನ ಮಾತಿಗೆ ಕಿವಿಗೊಟ್ಟ ಅದೇ ಸರ್ಕಾರಕ್ಕೆ ಈ ಶಿಬಿರದ ಸದ್ದು ಕೇಳಿಸಲಿಲ್ಲ. ಕೇಳಿಸುವಂತೆ ಕೂಗಲು ಅವರ ಪರ ಮತ ಹಾಕುವವರು ಯಾರೂ ಇರಲಿಲ್ಲ ಎನ್ನುವುದು ಬಹುಶಃ ನಿಜವಾದ ಕಾರಣ.

ಹಾಗಾದರೆ ಯುದ್ಧಕಾಲದ ಕಟ್ಟುಪಾಡೆಲ್ಲ ಮೇಯುವಿಕೆಯೇ? ಅಲ್ಲ. ಉಕ್ರೇನಿನಲ್ಲಿ 2022ರಿಂದ ಸೇನಾ ಕಾನೂನು ಜಾರಿಯಲ್ಲಿದೆ, ಅದು ಇರುವವರೆಗೆ ಚುನಾವಣೆ ಇಲ್ಲ. ಬಾಂಬು ಬೀಳುವ ಊರಿನಲ್ಲಿ ಮತಗಟ್ಟೆ ತೆರೆಯಿರಿ ಎನ್ನುವುದು ದೂರ ಕೂತವರ ಮಾತು. ಅಲ್ಲಿನ ಬೇಲಿಗೆ ಗಡುವಿದೆ, ಸಂಸತ್ತು ಮತ್ತೆ ಮತ್ತೆ ಮತ ಹಾಕಿ ಅದನ್ನು ಮುಂದುವರಿಸಬೇಕು. 2025ರ ಜುಲೈನಲ್ಲಿ ಭ್ರಷ್ಟಾಚಾರ ವಿರೋಧಿ ಸಂಸ್ಥೆಗಳ ಸ್ವಾತಂತ್ರ್ಯ ಮೊಟಕುಮಾಡುವ ಕಾನೂನಿಗೆ ಅಧ್ಯಕ್ಷ ಝೆಲೆನ್‌ಸ್ಕಿ ಸಹಿ ಹಾಕಿದಾಗ ಬೇಲಿ ಏಳುವ ಸೂಚನೆಯೇ ಕಂಡಿತ್ತು. ಯುದ್ಧದ ನಡುವೆಯೇ ಜನ ಬೀದಿಗಿಳಿದರು. ಹತ್ತು ದಿನ ಕಳೆಯುವುದರೊಳಗೆ ಆ ಸ್ವಾತಂತ್ರ್ಯವನ್ನು ಮರಳಿ ಕೊಡುವ ಕಾನೂನಿಗೂ ಅವರದೇ ಸಹಿ ಬಿತ್ತು. ನಮ್ಮಲ್ಲಿ 1978ರ 44ನೆಯ ತಿದ್ದುಪಡಿ ಬಂದು, ತುರ್ತು ಪರಿಸ್ಥಿತಿಗೆ ಆರು ತಿಂಗಳಿಗೊಮ್ಮೆ ಸಂಸತ್ತಿನ ಒಪ್ಪಿಗೆ ಬೇಕೆಂದಾಯಿತು. ಅಲ್ಲಿಯವರೆಗೆ ಒಮ್ಮೆ ಒಪ್ಪಿಗೆ ಪಡೆದ ಘೋಷಣೆಗೆ ಗಡುವೇ ಇರಲಿಲ್ಲ. 1971ರ ಡಿಸೆಂಬರ್ 3ರಂದು, ಪಾಕಿಸ್ತಾನದೊಡನೆ ಯುದ್ಧ ಶುರುವಾದ ದಿನ, ಇಂದಿರಾ ಗಾಂಧಿ ಸರ್ಕಾರ ಮಾಡಿದ ಘೋಷಣೆಯೂ ಅಂಥದ್ದೇ. ಯುದ್ಧ ಎರಡು ವಾರದೊಳಗೆ ಗೆಲುವಿನಲ್ಲಿ ಮುಗಿಯಿತು, ಘೋಷಣೆ ಹಾಗೆಯೇ ಉಳಿಯಿತು. 1975ರ ಜೂನ್‌ನಲ್ಲಿ ಅದರ ಮೇಲೆ ಇನ್ನೊಂದು ತುರ್ತು ಪರಿಸ್ಥಿತಿ ಹೇರಿ, ಬೆಂಗಳೂರಿಗೆ ಬಂದಿದ್ದ ವಾಜಪೇಯಿಯವರನ್ನು ಬಂಧಿಸಿದಾಗಲೂ 1971ರದು ಜಾರಿಯಲ್ಲೇ ಇತ್ತು. ಅದನ್ನು ಕಿತ್ತದ್ದು 1977ರ ಮಾರ್ಚ್ ಕೊನೆಯಲ್ಲಿ, ಹಾಕಿದವರು ಚುನಾವಣೆ ಸೋತು ಮನೆಗೆ ಹೋದ ಮೇಲೆ.