ಕಿವಿಗೂ ಒಂದು ಕೆಲಸವಿದೆ

‘ಎಗ್’ ಅನ್ನು ‘ಯೆಗ್’ ಎಂದವರನ್ನು, ‘ಓಲ್ಡ್’ ಅನ್ನು ‘ವೋಲ್ಡ್’ ಎಂದವರನ್ನು ಕಂಡರೆ ನಮ್ಮಲ್ಲಿ ಅನೇಕರಿಗೆ ನಗು ಬರುತ್ತದೆ. ನಗುವವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಆ ನಗುವಿನ ಹಿಂದೆ ಒಂದು ತೀರ್ಪಿರುತ್ತದೆ: ಈತ ಸರಿಯಾಗಿ ಓದಿದವನಲ್ಲ, ಒಳ್ಳೆಯ ಶಾಲೆಯಿಂದ ಬಂದವನಲ್ಲ. ಇನ್ನೊಬ್ಬರ ನಾಲಿಗೆಯ ಮೇಲೆ ಇಂಥ ತೀರ್ಪು ಕೊಡುವ ಅಧಿಕಾರ ನಮಗೆ ಎಲ್ಲಿಂದ ಬಂತು? ಇದು ಭಾಷೆಯ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದು ಎಂದು ನನಗನ್ನಿಸುತ್ತದೆ.

ಮೊದಲು ಆ ‘ಯೆಗ್’ ಹೇಗೆ ಹುಟ್ಟಿತು ನೋಡೋಣ. ನಾವು ‘ಎಲ್ಲಿ’ ಎಂದು ಬರೆಯುತ್ತೇವೆ, ಮಾತಿನಲ್ಲಿ ‘ಯೆಲ್ಲಿ’ ಅನ್ನುತ್ತೇವೆ. ‘ಒಂದು’ ಎಂದು ಬರೆದು ‘ವೊಂದು’ ಅನ್ನುತ್ತೇವೆ. ಪದದ ಮೊದಲಲ್ಲಿ ಎಕಾರ ಬಂದರೆ ತೆಳುವಾದೊಂದು ಯಕಾರ, ಒಕಾರ ಬಂದರೆ ವಕಾರ ಸೇರಿಕೊಳ್ಳುವುದು ಕನ್ನಡದ ಆಡುಮಾತಿನ ನಿಯಮ. ‘ಯೆಗ್’ ಎನ್ನುವವರು ನಿಯಮವಿಲ್ಲದೆ ಮಾತಾಡುತ್ತಿಲ್ಲ. ಮನೆಯಲ್ಲಿ ಕಲಿತ ನಿಯಮವನ್ನೇ ಇಂಗ್ಲಿಷಿಗೂ ಹಚ್ಚಿದ್ದಾರೆ.

ಇಂಗ್ಲಿಷಿನವರು ಇದನ್ನು ಮಾಡಿಲ್ಲವೆ? ಅವರ ‘ವನ್’ ಪದವನ್ನೇ ತೆಗೆದುಕೊಳ್ಳಿ. ಅದರ ಸ್ಪೆಲಿಂಗಿನಲ್ಲಿ ವಕಾರದ ಸುಳಿವೇ ಇಲ್ಲ. ಅದರ ನೆಂಟರಾದ ‘ಓನ್ಲಿ’, ‘ಅಲೋನ್’ ಪದಗಳಲ್ಲಿ ಇವತ್ತಿಗೂ ವಕಾರ ಕೇಳಿಸುವುದಿಲ್ಲ. ಇಂಗ್ಲೆಂಡಿನ ಪಶ್ಚಿಮ ಮತ್ತು ನೈಋತ್ಯ ಸೀಮೆಯ ಜನರ ಬಾಯಲ್ಲಿ ಈ ಪದಕ್ಕೆ ವಕಾರ ಅಂಟಿಕೊಂಡಿತು. ಆ ಕಡೆಯವನಾದ ವಿಲಿಯಂ ಟಿಂಡೇಲ್ 16ನೇ ಶತಮಾನದಲ್ಲಿ ಬೈಬಲ್ ಅನುವಾದಿಸುವಾಗ ಅದನ್ನು ವಕಾರ ಸೇರಿಸಿ ಬರೆದದ್ದೂ ಉಂಟು. 18ನೇ ಶತಮಾನದ ಹೊತ್ತಿಗೆ ಅದು ಎಲ್ಲರ ಉಚ್ಚಾರವಾಗತೊಡಗಿತು. ಒಂದು ಸೀಮೆಯ ಆಡುಮಾತಿನ ವಕಾರ ಶುದ್ಧ ಇಂಗ್ಲಿಷ್ ಆಯಿತು. ನಮ್ಮ ‘ವೋಲ್ಡ್’ ಮಾತ್ರ ನಗೆಪಾಟಲಾಗಿ ಉಳಿಯಿತು.

ಇನ್ನೊಂದು ಉದಾಹರಣೆ. 1962ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು. ಒಂದು ಶ್ರೀಮಂತರದು, ಒಂದು ಮಧ್ಯಮ ವರ್ಗದ್ದು, ಒಂದು ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿದೆ ಎಂದು ಮೊದಲೇ ಗೊತ್ತಿದ್ದ ಸಾಮಾನನ್ನು ಎಲ್ಲಿದೆ ಎಂದು ನೌಕರರನ್ನು ಕೇಳಿದರು. ಉತ್ತರವಾಗಿ ಬಂದ ‘ಫೋರ್ತ್ ಫ್ಲೋರ್’ನಲ್ಲಿ ರಕಾರ ಕೇಳಿಸುತ್ತದೆಯೇ ಎಂದು ಗಮನಿಸಿದರು. ಅಂಗಡಿ ದುಬಾರಿಯಾದಷ್ಟೂ ರಕಾರ ಹೆಚ್ಚಿತ್ತು. ಲಂಡನ್ನಿನಲ್ಲಿ ಇದು ತಲೆಕೆಳಗು. ಅಲ್ಲಿನ ಪ್ರತಿಷ್ಠಿತರು ಇದೇ ಪದಗಳಲ್ಲಿ ರಕಾರ ಬಿಡುತ್ತಾರೆ; ಅದನ್ನು ಉಳಿಸಿಕೊಂಡ ನೈಋತ್ಯ ಇಂಗ್ಲೆಂಡಿನವರ ಮಾತು ರೈತರ ಮಾತೆನಿಸಿಕೊಳ್ಳುತ್ತದೆ. ಒಂದೇ ರಕಾರ ಒಂದು ಊರಿನಲ್ಲಿ ಗೌರವ, ಇನ್ನೊಂದು ಊರಿನಲ್ಲಿ ಹಳ್ಳಿತನ. ಅಂದಮೇಲೆ ಆ ಬೆಲೆ ರಕಾರದೊಳಗೆ ಇಲ್ಲ, ಅದನ್ನು ಹೇಳುವವರ ಅಂತಸ್ತಿನಲ್ಲಿದೆ.

ಹೇಗೆ ಹೇಳಿದರೂ ಸರಿ ಎಂದರೆ ಮಾತು ಅರ್ಥವಾಗುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅರ್ಥವಾಗದಿದ್ದರೆ ಜೀವ ಹೋಗುವ ಕಡೆ ಏನು ಮಾಡಿದ್ದಾರೆ ನೋಡಿ. ಪೈಲಟ್ ಮತ್ತು ನೆಲದ ಮೇಲಿನ ನಿಯಂತ್ರಕರು ರೇಡಿಯೋದಲ್ಲಿ ಅಂಕಿಗಳನ್ನು ಹೇಗೆ ಹೇಳಬೇಕೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗೊತ್ತುಮಾಡಿದೆ. ಆ ಪ್ರಕಾರ 3 ಎಂದರೆ ‘ಟ್ರೀ’, 5 ಎಂದರೆ ‘ಫೈಫ್’, 9 ಎಂದರೆ ‘ನೈನರ್’. ಅಲ್ಲಿ ಲಂಡನ್ನಿನ ಉಚ್ಚಾರವೂ ಗೆಲ್ಲಲಿಲ್ಲ, ನ್ಯೂಯಾರ್ಕಿನದೂ ಗೆಲ್ಲಲಿಲ್ಲ. ಗದ್ದಲದ ನಡುವೆಯೂ ಕೇಳುವವರಿಗೆ ಯಾವುದು ಸ್ಪಷ್ಟವೋ ಅದೇ ಸರಿ ಎಂದು ಹೇಳುವವರೂ ಕೇಳುವವರೂ ಕೂಡಿ ಒಪ್ಪಿಕೊಂಡಿದ್ದಾರೆ. ತರಗತಿಯಲ್ಲಿ ಬೈಸಿಕೊಳ್ಳುವ ‘ಟ್ರೀ’ ಆಕಾಶದಲ್ಲಿ ನಿಯಮ!

ನಮ್ಮ ತೀರ್ಪುಗಳಿಗೆ ಅರ್ಥವಾಗುವಿಕೆ ಕಾರಣವಲ್ಲ ಎಂಬುದು ನನಗೆ ಒಂದು ಸಂದರ್ಶನದಲ್ಲಿ ಕಂಡಿತು. ಆಯ್ಕೆ ಮಾಡುವವರಲ್ಲಿ ನಾನೂ ಒಬ್ಬ. ಹುಡುಗ ವಿಷಯವನ್ನು ಚೆನ್ನಾಗಿಯೇ ಬಿಡಿಸಿ ಹೇಳಿದ. ಅವನು ಹೊರಗೆ ಹೋದ ಮೇಲೆ ಒಬ್ಬರು ‘ಯೆಕ್ಸ್‌ಪೀರಿಯನ್ಸ್’ ಎಂದು ಅಣಕಿಸಿ, ಸಂವಹನ ಕೌಶಲದ ಕಾಲಮ್ಮಿನಲ್ಲಿ ಅಂಕ ಕಳೆದರು. ಅವನು ಹೇಳಿದ ಯಾವ ಮಾತು ನಿಮಗೆ ಅರ್ಥವಾಗಲಿಲ್ಲ ಸಾರ್ ಎಂದು ಕೇಳಿದೆ. ಅರ್ಥವೇನೋ ಎಲ್ಲ ಆಯಿತು ಎಂದರು. ಅಂಕ ಮಾತ್ರ ಹಾಗೆಯೇ ಉಳಿಯಿತು.

ಅದೇ ಜಾಗದಲ್ಲಿ ಸ್ಕಾಟ್ಲೆಂಡಿನವರೊಬ್ಬರು ಕೂತು ಮಾತಾಡಿದ್ದರೆ ನಾವೆಲ್ಲ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕಿವಿಗೊಡುತ್ತಿದ್ದೆವು. ಅರ್ಥವಾಗದಿದ್ದರೆ ತಪ್ಪು ನಮ್ಮ ಕಿವಿಯದೆಂದುಕೊಳ್ಳುತ್ತಿದ್ದೆವು. ಫ್ರೆಂಚರ ಇಂಗ್ಲಿಷ್ ನಮಗೆ ಇಂಪು. ಚಾಮರಾಜನಗರದವರ ಇಂಗ್ಲಿಷ್ ಮಾತ್ರ ತಿದ್ದಬೇಕಾದದ್ದು. ಕೇಳುವ ಶ್ರಮವನ್ನು ನಾವು ಯಾರಿಗಾಗಿ ಪಡುತ್ತೇವೆ, ಯಾರಿಗಾಗಿ ಪಡುವುದಿಲ್ಲ ಎಂಬುದರಲ್ಲೇ ಅನ್ಯಾಯ ಕೂತಿದೆ.

ಹಾಗಾದರೆ ಮಕ್ಕಳಿಗೆ ‘ಎಗ್’ ಎಂದು ಕಲಿಸಬಾರದೆ? ಕಲಿಸಬೇಕು ಎಂದೇ ನನ್ನ ಅಭಿಪ್ರಾಯ. ನಾಳೆ ಅಂಕ ಕಳೆಯುವವರು ಎದುರಿಗೆ ಕೂತಿರುತ್ತಾರೆ. ನನ್ನ ತತ್ತ್ವದ ಬೆಲೆಯನ್ನು ಆ ಹುಡುಗ ತೆರಬೇಕಾದರೆ ಅಂಥ ತತ್ತ್ವದಿಂದ ಯಾರಿಗೂ ಉಪಕಾರವಿಲ್ಲ. ಆದರೆ ಕಲಿಸುವಾಗ ಕಾರಣವನ್ನು ಸುಳ್ಳು ಹೇಳಬಾರದು. ‘ನಿನ್ನ ನಾಲಿಗೆ ಸರಿಯಿಲ್ಲ’ ಎನ್ನುವುದು ಸುಳ್ಳು. ‘ನಿಮ್ಮ ಮನೆಯಲ್ಲಿ ಹೀಗೆ ಅನ್ನುತ್ತೀರಿ, ಅಲ್ಲಿಯವರು ಹಾಗೆ ಅನ್ನುತ್ತಾರೆ, ಎರಡೂ ನಿನಗೆ ಬರಲಿ’ ಎನ್ನುವುದು ನಿಜ. ಮೊದಲನೆಯದನ್ನು ಕೇಳಿದ ಮಗು ಮುಂದಿನ ಸಲ ಕೈಯೆತ್ತುವುದಿಲ್ಲ. ಎರಡನೆಯದನ್ನು ಕೇಳಿದ ಮಗು ಒಂದು ಮಾತು ಹೆಚ್ಚು ಕಲಿತು ಮನೆಗೆ ಹೋಗುತ್ತದೆ.

ಮಗು ಅಷ್ಟು ಕಲಿತ ಮೇಲೆ ಉಳಿದ ಅರ್ಧ ಕೆಲಸ ಮೇಜಿನ ಈಚೆ ಕೂತ ನಮ್ಮದು.