ಕಸ ಕಣ್ಣೆದುರಿಗೇ ಇರಲಿ

ಹಂಬೋಲ್ಟ್ ಕೊಲ್ಲಿಯ ದಡದಲ್ಲಿ ಆರ್ಕೇಟಾ ಎಂಬ ಊರಿದೆ. ಕ್ಯಾಲಿಫೋರ್ನಿಯಾ ಎಂದೊಡನೆ ನಮಗೆ ನೆನಪಾಗುವ ಸಾಫ್ಟ್‌ವೇರ್ ಊರುಗಳಿಂದ ಬಹಳ ಉತ್ತರಕ್ಕೆ, ಮರದ ಮಿಲ್ಲುಗಳನ್ನು ನಂಬಿ ಬದುಕಿದ, ಇಪ್ಪತ್ತು ಸಾವಿರವೂ ಜನವಿಲ್ಲದ ಊರು; ನಮ್ಮಲ್ಲಾದರೆ ಒಂದು ದೊಡ್ಡ ಹೋಬಳಿ. ಅರ್ಧ ಶತಮಾನದ ಹಿಂದೆ ಅದರ ನೀರಂಚು ಬಂದ ನೆಂಟರಿಗೆ ತೋರಿಸುವಂಥ ಜಾಗವಾಗಿರಲಿಲ್ಲ. ದಿಮ್ಮಿಗಳನ್ನು ತೇಲಿಬಿಡುತ್ತಿದ್ದ ಹೊಂಡಗಳು ಹಾಳುಬಿದ್ದಿದ್ದವು. ಪಕ್ಕದಲ್ಲೇ ಊರ ಕಸ ಸುರಿದು ಸುರಿದು ಎದ್ದ ಗುಡ್ಡ, ಅದರ ಮಗ್ಗುಲಿಗೆ ಕೊಳಚೆ ನೀರಿನ ಹೊಂಡ. ಇವತ್ತು ಅಲ್ಲಿ 307 ಎಕರೆಯ ಜೌಗು ಉದ್ಯಾನವಿದೆ. ಮುನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಜನ ವಾಕಿಂಗಿಗೆ ಬರುತ್ತಾರೆ, ಶಾಲೆಯ ಮಕ್ಕಳು ಬರುತ್ತಾರೆ. ಇಡೀ ಊರಿನ ಕಕ್ಕಸು, ಬಚ್ಚಲಿನ ನೀರು ಹರಿದು ತಿಳಿಯಾಗುವುದೂ ಇದೇ ಉದ್ಯಾನದೊಳಗೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ಸಂಗತಿ. ಕಸದ ಗುಡ್ಡವನ್ನು ಉದ್ಯಾನ ಮಾಡಿದ ಊರುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಮಣ್ಣು ಹೊದಿಸಿ, ಹುಲ್ಲು ಬೆಳೆಸಿ, ಬೆಂಚು ಹಾಕಿಬಿಟ್ಟರೆ ಕೆಳಗೇನಿದೆ ಎಂಬುದು ಹತ್ತು ವರ್ಷದಲ್ಲಿ ಮರೆತೇ ಹೋಗುತ್ತದೆ. ಮರೆಯುವುದಕ್ಕಾಗಿಯೇ ಕಟ್ಟಿದ ಉದ್ಯಾನಗಳೂ ಉಂಟು. ಆರ್ಕೇಟಾದವರು ಮರೆಯಲು ಒಪ್ಪಲಿಲ್ಲ. ಹೊಲಸನ್ನು ದೂರ ಸಾಗಹಾಕಲು ಅವಕಾಶವಿದ್ದಾಗಲೂ ಬೇಡವೆಂದರು.

ಆ ಅವಕಾಶ ಬಂದದ್ದು 1970ರ ದಶಕದಲ್ಲಿ. ಕೊಲ್ಲಿಗೆ ಕೊಳಚೆ ಬಿಡುವ ವಿಷಯದಲ್ಲಿ ರಾಜ್ಯ ಕಟ್ಟುನಿಟ್ಟು ಮಾಡಿತು. ಸುತ್ತಲಿನ ಊರುಗಳೆಲ್ಲ ಸೇರಿ ಒಂದೇ ದೊಡ್ಡ ಶುದ್ಧೀಕರಣ ಘಟಕ ಕಟ್ಟುವುದು, ಎಲ್ಲವನ್ನೂ ಪೈಪಿನಲ್ಲಿ ಅಲ್ಲಿಗೆ ಸಾಗಿಸಿ ಸಮುದ್ರಕ್ಕೆ ಬಿಡುವುದು ಎಂಬ ದುಬಾರಿ ಯೋಜನೆ ಸಿದ್ಧವಾಯಿತು. ಅಷ್ಟರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೀನುಗಾರಿಕೆ ಕಲಿಸುತ್ತಿದ್ದ ಜಾರ್ಜ್ ಅಲೆನ್ ಕೊಳಚೆ ನೀರಿಗೆ ಕೊಲ್ಲಿಯ ನೀರು ಬೆರೆಸಿ ಸಾಲ್ಮನ್ ಮರಿಗಳನ್ನು ಸಾಕತೊಡಗಿದ್ದರು. ರಾಬರ್ಟ್ ಗಿಯರ್‌ಹಾರ್ಟ್ ಎಂಬ ಇಂಜಿನಿಯರಿಂಗ್ ಮೇಷ್ಟ್ರು, ಜೌಗು ಕಟ್ಟಿ ಅದರೊಳಗೆ ನೀರು ಹಾಯಿಸಿದರೆ ಸಾಕು, ಮಿಕ್ಕ ಕೆಲಸ ಅದೇ ಮಾಡುತ್ತದೆ ಎಂದರು. ಮೇಲಿನವರು ನಂಬಲಿಲ್ಲ. ಚಿಕ್ಕ ಚಿಕ್ಕ ಮಡಿಗಳಲ್ಲಿ ಮಾಡಿ ತೋರಿಸಬೇಕಾಯಿತು. 1981ರ ಜುಲೈ 4ರಂದು ಜೌಗನ್ನು ಊರಿಗೆ ಅರ್ಪಿಸಿದರು. ಇಡೀ ವ್ಯವಸ್ಥೆ ಚಾಲೂ ಆಗಲು 1986 ಬಂತು.

ಆ ಜೌಗಿನೊಳಗೆ ಆಗುವುದಾದರೂ ಏನು? ಮೊದಲು ಗಟ್ಟಿ ಹೊಲಸು ತೊಟ್ಟಿಯಲ್ಲಿ ತಳ ಸೇರುತ್ತದೆ. ಉಳಿದ ನೀರು ಅಗಲವಾದ ಹೊಂಡಗಳಲ್ಲಿ ಬಿಸಿಲಿಗೆ ಮೈಯೊಡ್ಡಿ ಪಾಚಿಗಟ್ಟಿ ಹಸಿರಾಗುತ್ತದೆ. ಆಮೇಲೆ ಜೊಂಡಿನ ನಡುವೆ ನುಗ್ಗುತ್ತದೆ. ಆಳೆತ್ತರದ ಜೊಂಡು ಒತ್ತಾಗಿ ನಿಂತು ಬಿಸಿಲು ತಡೆಯುವುದರಿಂದ ಪಾಚಿ ಸತ್ತು ಅಡಿಗಿಳಿಯುತ್ತದೆ. ಜೊಂಡಿನ ದಂಟಿನಲ್ಲಿ ನೀರಿನೊಳಗಿರುವ ಭಾಗಕ್ಕೆ ಸಣ್ಣ ಲೋಳೆ ಹತ್ತಿಕೊಂಡಿರುತ್ತದೆ, ಬೆರಳಿಂದ ಸವರಿದರೆ ಜಾರುತ್ತದೆ. ಕೆಲಸ ಮಾಡುವುದು ಆ ಲೋಳೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ನೀರಿನ ಹೊಲಸನ್ನು ತಿಂದು ಬದುಕುತ್ತವೆ. ಜೊಂಡು ಅವುಗಳಿಗೆ ಮನೆ ಅಷ್ಟೆ. ನಮ್ಮ ಕೆರೆಯಂಗಳದಲ್ಲಿ ಬೆಳೆಯುವ ಜೊಂಡು ಮಾಡುವುದೂ ಇದನ್ನೇ. ಮುಂದಿನ ಜೌಗುಗಳಿಗೆ ಆ ಮೇಷ್ಟ್ರುಗಳ ಹೆಸರನ್ನೇ ಇಟ್ಟಿದ್ದಾರೆ: ಅಲೆನ್ ಜೌಗು, ಗಿಯರ್‌ಹಾರ್ಟ್ ಜೌಗು. ಇನ್ನೊಂದು ಜೌಗು ಇರುವುದು ಕಸದ ಗುಡ್ಡಕ್ಕೆ ಹೊದಿಸಲು ಮಣ್ಣು ಅಗೆದ ಗುಂಡಿಯಲ್ಲಿ. ಗುಡ್ಡ ಈಗಲೂ ಹುಲ್ಲು ಹೊದ್ದು ಅಲ್ಲೇ ಇದೆ. ಅದಕ್ಕೆ ಊರವರಿಟ್ಟ ಹೆಸರು ಮೌಂಟ್ ಟ್ರ್ಯಾಷ್‌ಮೋರ್, ಕಸದ ಬೆಟ್ಟ ಅಂತಲೇ. ಗುಲಾಬಿ ವನ, ಸ್ವರ್ಣ ವಿಹಾರ ಎಂದೇನೂ ಕರೆದಿಲ್ಲ.

ಹೊಲಸಿನ ಬಗ್ಗೆ ಮನುಷ್ಯನಿಗಿರುವುದು ಭಯಕ್ಕಿಂತ ಹೆಚ್ಚಾಗಿ ನಾಚಿಕೆ. ನಾಚಿಕೆಯಾದದ್ದನ್ನು ದೂರ ಕಳಿಸುತ್ತೇವೆ. ದೂರ ಎಂದರೆ ಅಲ್ಲೂ ಯಾರೋ ಇರುತ್ತಾರೆ. ಸಾಮಾನ್ಯವಾಗಿ ನಮಗಿಂತ ಬಡವರು, ಅಧಿಕಾರಿಗೆ ಫೋನು ಮಾಡಿ ಗದರಿಸಲಾಗದವರು. ಕಸದ ರಾಶಿ ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ತೀರ್ಮಾನಿಸುವುದು ಕಸದ ಪ್ರಮಾಣವಲ್ಲ, ಎಸೆದವನ ಕಣ್ಣಿಗೂ ರಾಶಿಗೂ ಇರುವ ದೂರ.

ಆ ದೂರ ಏನು ಮಾಡಬಲ್ಲದು ಎಂಬುದಕ್ಕೆ ನ್ಯೂಯಾರ್ಕಿನ ಫ್ರೆಶ್ ಕಿಲ್ಸ್ ಇದೆ. ಸ್ಟೇಟನ್ ಐಲ್ಯಾಂಡಿನ ಅಂಚಿನಲ್ಲಿ, ಭರತ ಇಳಿತಗಳ ಉಪ್ಪುನೀರಿನಲ್ಲಿ ತೋಯುತ್ತಿದ್ದ ಜೌಗು. ಯಾರಿಗೂ ಬೇಡದ ಭೂಮಿ ಎಂದೇ ಅದರ ಗಣನೆ. 1948ರಲ್ಲಿ ಅಲ್ಲಿ ಕಸ ಸುರಿಯಲು ಶುರುಮಾಡಿದಾಗ ಇದು ತಾತ್ಕಾಲಿಕ, ಮೂರು ವರ್ಷದ ಮಾತು ಎಂದರು. ಅದು ಮುಚ್ಚಿದ್ದು 2001ರ ಮಾರ್ಚಿನಲ್ಲಿ. ಒಟ್ಟು 2,200 ಎಕರೆ; ತೀರಾ ಜೋರಿದ್ದ ಕಾಲದಲ್ಲಿ ದಿನಕ್ಕೆ 29,000 ಟನ್ ಕಸ. ಮುಚ್ಚಿದ ಆರೇ ತಿಂಗಳಿಗೆ ಅವಳಿ ಗೋಪುರಗಳು ಬಿದ್ದವು, ಆ ಅವಶೇಷವನ್ನು ಜಾಲಾಡಲು ಮತ್ತೆ ಬಾಗಿಲು ತೆರೆಯಬೇಕಾಯಿತು. ಈಗ ಅದನ್ನು ಉದ್ಯಾನ ಮಾಡುತ್ತಿದ್ದಾರೆ. ಎರಡು ದಶಕದ ಕೆಲಸದ ಬಳಿಕ, 2023ರ ಅಕ್ಟೋಬರಿನಲ್ಲಿ ಉತ್ತರ ಭಾಗದ 21 ಎಕರೆ ಜನರಿಗೆ ತೆರೆಯಿತು. ಹುಲ್ಲುಗಾವಲಿನಲ್ಲಿ ಗುಬ್ಬಚ್ಚಿ ಜಾತಿಯ ಅಪರೂಪದ ಹಕ್ಕಿಗಳು ಗೂಡು ಕಟ್ಟಿವೆ. ಹುಲ್ಲಿನ ನಡುವೆ ಅಲ್ಲಲ್ಲಿ ಪೈಪಿನ ತುದಿಗಳು ತಲೆ ಎತ್ತಿರುತ್ತವೆ: ಒಳಗಿನ ಕಸ ಇನ್ನೂ ಕೊಳೆಯುತ್ತಲೇ ಇದೆ, ಅದರಿಂದೇಳುವ ಮೀಥೇನನ್ನು ಹೀರಿ ತೆಗೆಯಬೇಕು. ಕೆಳಗಿಳಿಯುವ ಕಪ್ಪು ರಸವನ್ನು, ನಮ್ಮ ಪಾಲಿಕೆಯವರು ಲೀಚೆಟ್ ಎನ್ನುವುದನ್ನು, ದಿನವೂ ಹಿಡಿದು ಶುದ್ಧ ಮಾಡಬೇಕು.

ಸ್ಟೇಟನ್ ಐಲ್ಯಾಂಡಿನವರ ಸಂತೋಷಕ್ಕೆ ನನ್ನ ತಕರಾರಿಲ್ಲ. ಐವತ್ತು ವರ್ಷ ವಾಸನೆ ಕುಡಿದವರು ಅವರು. ಆದರೆ ಫ್ರೆಶ್ ಕಿಲ್ಸ್ ಮುಚ್ಚಿದ ಮೇಲೆ ನ್ಯೂಯಾರ್ಕಿನ ಕಸ ಎಲ್ಲಿಗೆ ಹೋಯಿತು? ರೈಲು, ಲಾರಿಗಳಲ್ಲಿ ಬೇರೆ ರಾಜ್ಯಗಳಿಗೆ. ಒಂದು ಕಡೆ ಹಕ್ಕಿಗೂಡು, ಇನ್ನೊಂದು ಕಡೆ ಹೊಸ ಗುಡ್ಡ. ಎರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಹಕ್ಕಿಗೂಡಿನ ಫೋಟೋ ಮಾತ್ರ ಹಂಚಿದರೆ ಉದ್ಯಾನವೂ ಇನ್ನೊಂದು ಪದರ ಮಣ್ಣಾಗಿಬಿಡುತ್ತದೆ.

ನಮಗಿದು ಹೊಸ ಕಥೆಯೇನಲ್ಲ. ಬೆಂಗಳೂರಿನ ಕಸ ಬೀಳುತ್ತಿದ್ದ ಮಾವಳ್ಳಿಪುರ ಎಂಬ ಹಳ್ಳಿಯವರು 2012ರಲ್ಲಿ ಇನ್ನು ಸಾಕು ಎಂದಾಗ ಕಸದ ಲಾರಿಗಳ ಭಾರ ಮಂಡೂರು ಎಂಬ ಇನ್ನೊಂದು ಹಳ್ಳಿಯ ಮೇಲೆ ಬಿತ್ತು. ಬೋರ್‌ವೆಲ್ ನೀರು ಕೆಟ್ಟಿತು, ನೊಣ ಹೆಚ್ಚಿತು, ಹೆಣ್ಣು ಕೊಡುವವರು ಹಿಂದೆಗೆಯುತ್ತಾರೆ ಎಂದು ಊರವರು ರಸ್ತೆಯಲ್ಲಿ ಕೂತರು. 2014ರ ಕೊನೆಗೆ ಮಂಡೂರೂ ಮುಚ್ಚಿತು. ಕಸ ಮಿಟ್ಟಗಾನಹಳ್ಳಿ, ಬೆಳ್ಳಹಳ್ಳಿಯ ಹಳೇ ಕ್ವಾರಿಗಳ ಕಡೆ ತಿರುಗಿತು. ಪ್ರತಿ ಸಲವೂ ಸಮಸ್ಯೆ ಬಗೆಹರಿಯಿತು ಎಂದೇ ಪತ್ರಿಕೆಯಲ್ಲಿ ಓದಿದೆವು.

ಹಿಂದೆ ಹಳ್ಳಿಯ ಮನೆಗಳಲ್ಲಿ ತಿಪ್ಪೆ ಹಿತ್ತಲಲ್ಲೇ ಇರುತ್ತಿತ್ತು. ಸಗಣಿ, ಬೂದಿ, ಗಂಜಲ, ದನ ತಿಂದು ಬಿಟ್ಟ ಹುಲ್ಲು ಎಲ್ಲ ಅಲ್ಲಿಗೇ. ಮುಂಗಾರಿಗೆ ಮುಂಚೆ ಗಾಡಿಯಲ್ಲಿ ಹೊಲಕ್ಕೆ. ದೀಪಾವಳಿಯಲ್ಲಿ ಬಾಗಿಲಿಗೆ, ಕೊಟ್ಟಿಗೆಗೆ, ಬಾವಿಕಟ್ಟೆಗೆ ಇಟ್ಟಂತೆ ತಿಪ್ಪೆಗೂ ಒಂದು ದೀಪ ಇಡುವ ರೂಢಿ ಇಂದಿಗೂ ಕೆಲವೆಡೆ ಇದೆ. ಇದನ್ನು ಹೇಳಿ ಹಿಂದಿನ ಕಾಲವೇ ಚೆಂದವಿತ್ತು ಎಂದು ನಿಟ್ಟುಸಿರಿಡುವ ಮನಸ್ಸು ನನಗಿಲ್ಲ. ತಿಪ್ಪೆಗೆ ದೀಪ ಇಟ್ಟ ಅದೇ ಊರು, ಊರ ಹೊಲಸು ಬಳಿಯುವವರನ್ನು ಊರಾಚೆಯ ಕೇರಿಯಲ್ಲಿ ಇಟ್ಟಿತ್ತು. ದೂರ ಕಳಿಸುವ ಬುದ್ಧಿ ಮೊದಲು ತಾಗಿದ್ದು ಕಸಕ್ಕಲ್ಲ, ಕಸ ತೆಗೆಯುವ ಮನುಷ್ಯನಿಗೆ. ಕುವೆಂಪು ‘ಜಲಗಾರ’ ನಾಟಕದಲ್ಲಿ ಶಿವನನ್ನೇ ಬೀದಿ ಗುಡಿಸುವವನ ರೂಪದಲ್ಲಿ ತಂದು ನಿಲ್ಲಿಸಿದ್ದು ಸುಮ್ಮನೆ ಅಲ್ಲ. ನ್ಯೂಯಾರ್ಕಿನಲ್ಲಿ ಮಿಯರ್ಲೆ ಲೇಡರ್‌ಮನ್ ಯೂಕೆಲೀಸ್ ಎಂಬ ಕಲಾವಿದೆ 1979–80ರಲ್ಲಿ ನಗರದ 8,500 ನೈರ್ಮಲ್ಯ ಕೆಲಸಗಾರರನ್ನು ಹುಡುಕಿಕೊಂಡು ಹೋಗಿ, ಒಬ್ಬೊಬ್ಬರ ಕೈಯನ್ನೂ ಕುಲುಕಿ, ಈ ನಗರವನ್ನು ಬದುಕಿಸಿಟ್ಟಿದ್ದಕ್ಕೆ ಥ್ಯಾಂಕ್ಸ್ ಎಂದು ಹೇಳಿದರು. ಅದೇ ಅವರ ಕಲಾಕೃತಿ. ನಮ್ಮ ಪೌರಕಾರ್ಮಿಕರ ಕೈಗೆ ಕೈ ತಾಗಿಸುವವರು ಇವತ್ತಿಗೂ ಎಷ್ಟು ಜನ?

ಇನ್ನೊಂದು ವಿಚಾರದಲ್ಲಿ ನನಗೆ ತುಸು ಸಿಟ್ಟೇ ಇದೆ. ಧರ್ಮಾಂಬುಧಿ ಕೆರೆಯನ್ನು ಬಸ್ ಸ್ಟ್ಯಾಂಡ್ ಮಾಡಿ, ಸಂಪಂಗಿ ಕೆರೆಯನ್ನು ಕ್ರೀಡಾಂಗಣ ಮಾಡಿದ ಬೆಂಗಳೂರು ಈಗ ಉಳಿದ ಕೆರೆಗಳನ್ನು ಅಭಿವೃದ್ಧಿಪಡಿಸುತ್ತದೆ. ಅನೇಕ ಕಡೆ ಅದರರ್ಥ, ಅಂಚಿನ ಜೊಂಡನ್ನೆಲ್ಲ ಜೆಸಿಬಿಯಿಂದ ಕಿತ್ತು, ಕೆರೆಯನ್ನು ಬೋಗುಣಿ ಮಾಡಿ, ಸುತ್ತ ಟೈಲ್ಸ್ ಹಾಕಿ ಬೇಲಿ ಬಿಗಿಯುವುದು. ಕೆಲಸ ಮಾಡುತ್ತಿದ್ದ ಲೋಳೆ ಹೋಯಿತು, ಹುಲ್ಲು ಕೊಯ್ಯುತ್ತಿದ್ದವಳು ಬೇಲಿಯಾಚೆ ಉಳಿದಳು, ಸೆಲ್ಫಿ ಪಾಯಿಂಟ್ ಬಂತು. ಯಲಹಂಕದ ಬಳಿಯ ಜಕ್ಕೂರು ಕೆರೆಯಲ್ಲಿ ಬೇರೆ ದಾರಿ ಹಿಡಿದರು: ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡಿನ ಜೌಗಿನಲ್ಲಿ ಹಾದು ಕೆರೆಗೆ ಇಳಿಯುತ್ತದೆ. ಮೀನು ಹಿಡಿಯುವವರು, ದನಕ್ಕೆ ಹುಲ್ಲು ಕೊಯ್ಯುವವರು, ವಾಕಿಂಗಿಗೆ ಬರುವವರು ಎಲ್ಲರೂ ಅಲ್ಲಿದ್ದಾರೆ. ಆಗುವುದಿಲ್ಲ ಎನ್ನುವವರು ಒಮ್ಮೆ ಯಲಹಂಕದ ಕಡೆ ಹೋಗಿಬರಲಿ.

ಹಾಗಂತ ಇಂಥ ಜಾಗ ಒಮ್ಮೆ ಕಟ್ಟಿ ಕೈ ತೊಳೆದುಕೊಳ್ಳುವಂಥದ್ದಲ್ಲ. ಮುಚ್ಚಿದ ಕಸದ ಗುಡ್ಡವನ್ನು 30 ವರ್ಷ ನೋಡಿಕೊಳ್ಳಬೇಕು ಎನ್ನುತ್ತದೆ ಅಮೆರಿಕದ ಕಾನೂನು. ಒಳಗಿನ ಪ್ಲಾಸ್ಟಿಕ್ಕಿಗೆ ಆ ಕಾನೂನು ಗೊತ್ತಿಲ್ಲ. ಆರ್ಕೇಟಾದ ಜೌಗು ಸಮುದ್ರಮಟ್ಟದಲ್ಲೇ ಇರುವುದರಿಂದ, ಕಡಲು ಏರಿದಂತೆ ಅದರ ಏರಿಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಚಿಂತೆ ಅಲ್ಲಿಯವರಿಗೆ ಶುರುವಾಗಿದೆ. ಜೊಂಡು ದಟ್ಟವಾದರೆ ತೆಗೆಯಬೇಕು, ಹೂಳು ತುಂಬಿದರೆ ಎತ್ತಬೇಕು. ನಮ್ಮ ಕೆರೆಗಳು ನೂರಾರು ವರ್ಷ ನಿಂತದ್ದು ಕಟ್ಟಿಸಿದವನ ಶಾಸನದಿಂದಲ್ಲ. ತೂಬು ಎತ್ತಿ ಇಳಿಸುವ, ಏರಿಯಲ್ಲಿ ಇಲಿ ಬಿಲ ಮಾಡಿದ್ದನ್ನು ಮೊದಲು ಕಾಣುವ ನೀರಗಂಟಿ ಎಂಬೊಬ್ಬ ಇದ್ದ, ಅವನಿಗೆ ಸುಗ್ಗಿಯಲ್ಲಿ ಕಾಳು ಸಲ್ಲುತ್ತಿತ್ತು. ಉದ್ಘಾಟನೆಯ ಕಲ್ಲಿನಲ್ಲಿ ಅವನ ಹೆಸರಿರುವುದಿಲ್ಲ.

ಮಂಡೂರಿನಂಥ ಗುಡ್ಡವನ್ನು ಅಗೆದು, ಜರಡಿ ಹಿಡಿದು, ಮಣ್ಣು ಬೇರೆ ಪ್ಲಾಸ್ಟಿಕ್ ಬೇರೆ ಮಾಡಿ ನೆಲ ಬಿಡಿಸಿಕೊಳ್ಳುವ ವಿದ್ಯೆ ಈಗ ನಮ್ಮಲ್ಲೂ ಬಂದಿದೆ. ನಾಳೆ ಯಾರಾದರೂ ಅಲ್ಲೊಂದು ಉದ್ಯಾನದ ನಕ್ಷೆ ಹಿಡಿದು ಬಂದರೆ, ಸ್ವಾಗತ ಕಮಾನಿನ ವಿನ್ಯಾಸ ಕೇಳುವ ಮೊದಲು ಊರವರು ಕೇಳಬೇಕಾದದ್ದು ಬೇರೆ ಇದೆ. ಸುತ್ತಲಿನ ಬೋರ್‌ವೆಲ್ ನೀರಿನ ಪರೀಕ್ಷೆಯ ಫಲಿತಾಂಶವನ್ನು ತಿಂಗಳಿಗೊಮ್ಮೆ ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚುವವರು ಯಾರು? ಗೇಟಿಗೆ ಬೀಗ ಎಷ್ಟು ಹೊತ್ತಿಗೆ, ದನ ಬಿಡಬಹುದೋ ಇಲ್ಲವೋ? ಈ ನೆಲದಡಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾರ ಕಸ ಸುರಿದಿದ್ದರು ಎಂದು ಕನ್ನಡದಲ್ಲಿ ಬರೆದ ಒಂದು ಫಲಕ ಇರುತ್ತದೋ? ಅಲ್ಲೊಬ್ಬ ನೀರಗಂಟಿ ಇರುತ್ತಾನಾದರೆ ಅವನ ಸಂಬಳ ಮಂಡೂರಿನ ಪಂಚಾಯಿತಿಯ ಮೇಲೆ ಬೀಳಬಾರದು. ಬೆಂಗಳೂರಿನವರು ಮನೆ ಕಂದಾಯದ ಜೊತೆ ಕಟ್ಟುವ ಕಸದ ಸೆಸ್‌ನಿಂದ ಹೋಗಬೇಕು.