ಕೇಳಿದವರಿಗೆ ಕೊಡುವ ಉತ್ತರ



ನೆಲಮಂಗಲಕ್ಕೆ ಅಂಟಿಕೊಂಡಿರುವ ಅರಿಶಿನಕುಂಟೆಯಂತಹ ಊರಿನಲ್ಲಿ ಬಾಳುವ ಕಥೋಲಿಕ ಕುಟುಂಬಕ್ಕೆ ಅಕ್ಕಪಕ್ಕದ ಮನೆಗಳು ಸಾಮಾನ್ಯವಾಗಿ ಬೇರೆ ಧರ್ಮದವರವೇ. ಹಾಲಿನ ಡೇರಿಯ ಮುಂದೆ, ತುಮಕೂರು ರಸ್ತೆಯ ಬಸ್ಸಿನಲ್ಲಿ, ಪೀಣ್ಯದ ಕಾರ್ಖಾನೆಯ ಊಟದ ಬಿಡುವಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಬಳಿ ಪ್ರಶ್ನೆಗಳು ಬರುತ್ತವೆ. "ದೇವರು ಒಬ್ಬನೇ ಅಂತೀರಿ, ಮತ್ತೆ ಪಿತ, ಸುತ, ಪವಿತ್ರಾತ್ಮ ಅಂತ ಮೂರು ಹೆಸರು ಹೇಳ್ತೀರಲ್ಲ?" "ಮೇರಿಯಮ್ಮನೂ ನಿಮಗೆ ದೇವರಾ?" "ನಮ್ಮ ಗುಡಿಯ ಪ್ರಸಾದ ಯಾಕೆ ತಗೊಳಲ್ಲ?" ಒಮ್ಮೊಮ್ಮೆ ತುಸು ಖಾರವಾಗಿ, "ನಿಮ್ಮೋರು ದುಡ್ಡು ಕೊಟ್ಟು ಜನ ಸೇರಿಸ್ಕೋತಾರಂತಲ್ಲ, ನಿಜವಾ?" ಕೇಳುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ವರ್ಷಗಟ್ಟಲೆ ಪಕ್ಕದಲ್ಲೇ ಇದ್ದವರ ಮನೆಯೊಳಗೆ ಏನು ನಡೆಯುತ್ತದೆ ಎಂದು ತಿಳಿಯುವ ಆಸೆ, ಅಷ್ಟೆ.

ಆದರೆ ಇಂತಹ ಪ್ರಶ್ನೆ ಎದುರಾದಾಗ ನಮ್ಮಲ್ಲಿ ಎಷ್ಟೋ ಮಂದಿಗೆ ಎರಡೇ ದಾರಿ ಗೊತ್ತು. ಒಂದು, "ಎಲ್ಲಾ ದೇವರೂ ಒಂದೇ ಬಿಡಿ ಅಕ್ಕಾ" ಎಂದು ನಕ್ಕು ಮಾತು ತೇಲಿಸುವುದು. ಇನ್ನೊಂದು, ಮುಖ ಕೆಂಪಗೆ ಮಾಡಿಕೊಂಡು ಅವರ ಪೂಜೆ, ಅವರ ಹರಕೆ, ಅವರ ವಿಗ್ರಹಗಳ ಬಗ್ಗೆ ತಿರುಗಿ ನಾಲ್ಕು ಮಾತು ಎಸೆಯುವುದು. ಮೊದಲನೆಯವರು ತಮ್ಮನ್ನು ಸಹನಶೀಲರೆಂದು ತಿಳಿಯುತ್ತಾರೆ, ಎರಡನೆಯವರು ಧೈರ್ಯಶಾಲಿಗಳೆಂದು.

ಈ ಎರಡು ದಾರಿಗಳನ್ನೂ ನಮಗಿಂತ ಮೊದಲೇ ತುಳಿದು ಬಂದವರು ಸಂತ ಪೇತ್ರರು. ಸಂತ ಯೊವಾನ್ನರ ಶುಭಸಂದೇಶದ ಹದಿನೆಂಟನೆಯ ಅಧ್ಯಾಯವನ್ನು ತೆರೆದು ನೋಡಿ. ಒಂದೇ ರಾತ್ರಿಯ ಕಥೆ. ಯೇಸುಸ್ವಾಮಿಯನ್ನು ಹಿಡಿಯಲು ಬಂದಾಗ ಪೇತ್ರರು ಕತ್ತಿ ಹಿರಿದು ಪ್ರಧಾನ ಯಾಜಕನ ಆಳಾದ ಮಲ್ಕನ ಬಲಗಿವಿಯನ್ನು ಕತ್ತರಿಸಿದರು. ಸ್ವಾಮಿಯನ್ನು ರಕ್ಷಿಸುತ್ತಿದ್ದೇನೆಂದೇ ಅವರ ಭಾವನೆ. ಕತ್ತಿಯನ್ನು ಒರೆಗೆ ಸೇರಿಸು ಎಂಬುದೇ ಅವರಿಗೆ ಸಿಕ್ಕಿದ ಉತ್ತರ. ಸ್ವಲ್ಪ ಹೊತ್ತಿನಲ್ಲೇ, ಬಾಗಿಲು ಕಾಯುವ ಹುಡುಗಿಯೊಬ್ಬಳು ಒಂದು ಸಾಧಾರಣ ಪ್ರಶ್ನೆ ಕೇಳಿದಳು: ನೀನೂ ಆತನ ಶಿಷ್ಯನಲ್ಲವೇ ಎಂದು. ಕತ್ತಿ ಹಿರಿದ ಅದೇ ಕೈ ಈಗ ಇದ್ದಲಿನ ಬೆಂಕಿಯ ಮುಂದೆ ಚಳಿ ಕಾಯಿಸಿಕೊಳ್ಳುತ್ತಿತ್ತು. ಬಾಯಿ "ಅಲ್ಲ" ಎಂದಿತು. ಜಗಳವಾಡಲು ಸಿದ್ಧರಿದ್ದವರು ಉತ್ತರ ಹೇಳಲು ಸಿದ್ಧರಿರಲಿಲ್ಲ. ಈ ಎರಡು ಘಟನೆಗಳ ನಡುವಿನ ಅಂತರ ಕೆಲವೇ ವಚನಗಳು. ಜಗಳಗಂಟತನ ಮತ್ತು ಅಂಜುಬುರುಕುತನ ಒಂದೇ ಮನೆಯಲ್ಲಿ ವಾಸಿಸುವುದನ್ನು ನಾವೂ ಕಂಡಿದ್ದೇವೆ.

ಅದೇ ಅಧ್ಯಾಯದಲ್ಲಿ, ಈ ಎರಡರ ಮಧ್ಯೆ, ಮೂರನೆಯದೂ ಒಂದಿದೆ. ವಿಚಾರಣೆಯ ವೇಳೆ ಕಾವಲುಗಾರನೊಬ್ಬನು ಯೇಸುಸ್ವಾಮಿಯ ಕೆನ್ನೆಗೆ ಹೊಡೆದನು. ಸ್ವಾಮಿ ತಿರುಗಿ ಹೊಡೆಯಲಿಲ್ಲ, ಸುಮ್ಮನೂ ಇರಲಿಲ್ಲ. ತಾನು ಹೇಳಿದ್ದರಲ್ಲಿ ತಪ್ಪಿದ್ದರೆ ತೋರಿಸು, ಸರಿಯಾಗಿದ್ದರೆ ನನ್ನನ್ನು ಹೊಡೆದದ್ದೇಕೆ ಎಂದು ಅವನನ್ನೇ ಕೇಳಿದರು (ಯೊವಾ 18:23). ಹೊಡೆದವನನ್ನೂ ಯೋಚಿಸಬಲ್ಲ ಮನುಷ್ಯನೆಂದು ಎಣಿಸಿ ಆಡಿದ ಮಾತು ಅದು. ಸೌಮ್ಯತೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ತಿಳಿದವರು ಈ ವಚನವನ್ನು ಮತ್ತೊಮ್ಮೆ ಓದಬೇಕು.

ಆ ರಾತ್ರಿಯನ್ನು ಮರೆಯಲಾಗದ ಪೇತ್ರರ ಹೆಸರಿನಲ್ಲೇ ಬಂದಿರುವ ಮೊದಲನೆಯ ಪತ್ರ, ನಮ್ಮ ನಂಬಿಕೆ ನಿರೀಕ್ಷೆಗಳಿಗೆ ಕಾರಣ ಕೇಳುವ ಯಾರಿಗೇ ಆಗಲಿ ಉತ್ತರ ಕೊಡಲು ಯಾವಾಗಲೂ ಸಿದ್ಧರಿರಬೇಕು, ಆದರೆ ಅದನ್ನು ವಿನಯದಿಂದ, ಗೌರವದಿಂದ, ಶುದ್ಧ ಮನಸ್ಸಾಕ್ಷಿಯಿಂದ ಮಾಡಬೇಕು ಎಂದು ಬುದ್ಧಿ ಹೇಳುತ್ತದೆ (1 ಪೇತ್ರ 3:15-16). "ಸಿದ್ಧರಿರಿ" ಎನ್ನುವುದು ಬೆಂಕಿಯ ಮುಂದಿನ ಪೇತ್ರರಿಗೆ ಮದ್ದು, "ವಿನಯದಿಂದ" ಎನ್ನುವುದು ಕತ್ತಿ ಹಿಡಿದ ಪೇತ್ರರಿಗೆ. ಆ ಪತ್ರವನ್ನು ಪಡೆದವರು ಯಾರು? ಪೊಂತ, ಗಲಾತ್ಯ, ಕಪ್ಪದೋಕ್ಯ ಮುಂತಾದ ಪ್ರಾಂತ್ಯಗಳಲ್ಲಿ ಚದುರಿ ಹೋಗಿದ್ದ ಸಣ್ಣ ಸಣ್ಣ ಗುಂಪುಗಳು. ಹಳೆಯ ಗೆಳೆಯರು ಕರೆದ ಕಡೆಗೆ ಇವರು ಹೋಗುವುದಿಲ್ಲವೆಂದು ನೆರೆಹೊರೆಯವರು ಆಶ್ಚರ್ಯಪಟ್ಟು ದೂಷಿಸುತ್ತಿದ್ದರು. ಅಂದರೆ ಬಹುಸಂಖ್ಯೆಯಲ್ಲಿ, ಅಧಿಕಾರದಲ್ಲಿ ಇದ್ದವರಿಗೆ ಬರೆದ ಉಪದೇಶವಲ್ಲ. ಸಂಶಯಕ್ಕೆ ಗುರಿಯಾದ ನಾಲ್ಕಾರು ಮನೆಗಳವರಿಗೆ ಬರೆದದ್ದು.

ಈ ಮಾತನ್ನು ಏಕೆ ಎತ್ತುತ್ತೇನೆಂದರೆ, ನಮ್ಮಲ್ಲಿ ಕೆಲವರು ಹೇಳುವುದುಂಟು: "ವಿನಯ ಎಲ್ಲಾ ಸರಿ ಸ್ವಾಮಿ, ಕಾಲ ಹಾಗಿಲ್ಲ." ಅವರ ಮಾತಿನಲ್ಲಿ ನೋವಿದೆ, ಅದನ್ನು ಅಲ್ಲಗಳೆಯಲಾಗದು. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ದಾಳಿಕಾರರು ನುಗ್ಗಿ ಶಿಲುಬೆಯನ್ನೂ ಪರಮಪ್ರಸಾದದ ಪೆಟ್ಟಿಗೆಯನ್ನೂ ಹಾಳುಗೆಡವಿದರು. 2020ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ದೊಡ್ಡಸಾಗರಹಳ್ಳಿಯ ಗುಡ್ಡದ ಮೇಲಿದ್ದ ಯೇಸುವಿನ ಪ್ರತಿಮೆಯನ್ನು ತೆಗೆಸಲಾಯಿತು. ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ಅವರು ಅದನ್ನು ಖಂಡಿಸಿದರು. 2022ರಲ್ಲಿ ಮತಾಂತರ ಕುರಿತ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂತೆಗೆದುಕೊಳ್ಳಲು ನಿರ್ಧರಿಸಿತು. ಈ ಎಲ್ಲದರ ಬಿಸಿ ಬಸ್ಸಿನಲ್ಲಿ ಕೇಳುವ ಪ್ರಶ್ನೆಗೂ ತಟ್ಟುತ್ತದೆ.

ಅನ್ಯಾಯವನ್ನು ಅನ್ಯಾಯವೆನ್ನಬೇಕು, ಕಾನೂನಿನ ಬಾಗಿಲು ತಟ್ಟಬೇಕು. ಕೆನ್ನೆಗೆ ಪೆಟ್ಟು ತಿಂದ ಸ್ವಾಮಿಯೂ "ಏಕೆ" ಎಂದು ಕೇಳಿದರಲ್ಲ. ಆದರೆ 2008ರ ಕಥೆಗೆ ಇನ್ನೊಂದು ಪುಟವಿದೆ, ಅದನ್ನು ಓದಲು ನಮಗೆ ಇಷ್ಟವಿರುವುದಿಲ್ಲ. ಹಿಂದೂ ದೇವತೆಗಳನ್ನು ಹೀಯಾಳಿಸಿದೆ ಎನ್ನಲಾದ ಒಂದು ಕನ್ನಡ ಪುಸ್ತಕ ಆಗಿನ ವಾಗ್ವಾದದಲ್ಲಿ ಮತ್ತೆ ಮತ್ತೆ ಕೇಳಿಬಂತು. ಅದು ಕಥೋಲಿಕರದಲ್ಲ. ಯಾವ ಪುಸ್ತಕವೂ ಯಾರ ಆಲಯವನ್ನೂ ಒಡೆಯಲು ಕಾರಣವಾಗಲಾರದು. ಆದರೂ ನಮ್ಮನ್ನು ನಾವೇ ಕೇಳಿಕೊಳ್ಳಬಹುದಾದ ಪ್ರಶ್ನೆ ಉಳಿಯುತ್ತದೆ: ಪರರು ತಾಯಿಯೆಂದು ಕೈಮುಗಿಯುವ ದೇವತೆಯನ್ನು ಗೇಲಿ ಮಾಡಿದರೆ ಕ್ರಿಸ್ತರ ಬಗ್ಗೆ ಯಾರಿಗೆ ಏನು ತಿಳಿಯಿತು? ಮಲ್ಕನ ಕಿವಿಯನ್ನು ಕತ್ತರಿಸಿದ ಮೇಲೆ ಶುಭಸಂದೇಶವನ್ನು ಅವನು ಕೇಳುವುದಾದರೂ ಯಾವ ಕಿವಿಯಿಂದ? ಸಂತ ಲೂಕರ ಪ್ರಕಾರ ಆ ಕಿವಿಯನ್ನು ವಾಸಿಮಾಡಿದವರು ಸ್ವಾಮಿಯೇ.

ಇಲ್ಲಿ ವಿಷಯದ ಬೇರು ಇದೆ ಎಂದು ನನಗೆ ತೋರುತ್ತದೆ. ವಿನಯವು ಉತ್ತರದ ಮೇಲೆ ಹಚ್ಚುವ ಬಣ್ಣವಲ್ಲ. ವಿಶ್ವಾಸವೆಂದರೆ ಮನುಷ್ಯನು ಸ್ವಂತ ಮನಸ್ಸಿನಿಂದ ದೇವರಿಗೆ ಕೊಡುವ ಒಪ್ಪಿಗೆ. ಒತ್ತಾಯದಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಇದನ್ನೇ ಸಾರಿತು: ಸತ್ಯವು ತನ್ನ ಸ್ವಂತ ಬಲದಿಂದ ಮನಸ್ಸನ್ನು ಮುಟ್ಟಬೇಕೇ ಹೊರತು ಬಲವಂತದಿಂದಲ್ಲ. ಹೀಗಿರುವಾಗ ಬೈದು, ಹೆದರಿಸಿ, ಸೋಲಿಸಿ ವಿಶ್ವಾಸವನ್ನು ಸಮರ್ಥಿಸಲು ಹೊರಟವನು ತಾನು ಸಮರ್ಥಿಸುವುದನ್ನೇ ಅಲ್ಲಗಳೆದಂತಾಯಿತು. ವಾದದಲ್ಲಿ ಗೆದ್ದು ನೆರೆಯವನನ್ನು ಕಳೆದುಕೊಳ್ಳುವುದು ಸುಲಭ.

ಇದಕ್ಕೆ ನಮ್ಮ ದೇಶದ ಸಂವಿಧಾನದ ಚರಿತ್ರೆಯಲ್ಲೇ ಒಂದು ಸಾಕ್ಷಿ ಇದೆ. ಇಂದಿನ 25ನೆಯ ವಿಧಿಯಲ್ಲಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಇರಬೇಕೇ ಬೇಡವೇ ಎಂದು 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಬಿಸಿ ಚರ್ಚೆ ನಡೆಯಿತು. ಮೂಲ್ಕಿಯಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಆ ಸಭೆಯ ಸದಸ್ಯರಾಗಿದ್ದರು. ಆದರೆ ಆ ಪದದ ಪರವಾಗಿ ನಿಂತವರಲ್ಲಿ ಹಿಂದೂ ಸದಸ್ಯರೂ ಇದ್ದರು. ಅವರಲ್ಲಿ ಟಿ. ಟಿ. ಕೃಷ್ಣಮಾಚಾರಿ ಒಬ್ಬರು. ತಾವು ಸುಮಾರು 14 ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದ್ದು, ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲವೆಂದು ಅವರು ಸಭೆಯ ಮುಂದೆ ಹೇಳಿದರು. ಹೆಸರೇ ಗೊತ್ತಿಲ್ಲದ ಎಷ್ಟೋ ಶಿಕ್ಷಕರು ತರಗತಿಯಲ್ಲಿ ತೋರಿದ ಗೌರವ ಹಲವು ವರ್ಷಗಳ ಮೇಲೆ ನಮ್ಮ ಹಕ್ಕಿನ ಪರವಾಗಿ ಮಾತನಾಡಿತು.

ಕನ್ನಡ ನಾಡಿನಲ್ಲಿ ಇದನ್ನು ಬಾಳಿ ತೋರಿಸಿದವರು ಉತ್ತಂಗಿ ಚನ್ನಪ್ಪನವರು. ಅವರು ಕಥೋಲಿಕರಲ್ಲ, ಬಾಸೆಲ್ ಮಿಷನ್ನಿನ ಪಾದ್ರಿಗಳು. ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಇವರು ಹಸ್ತಪ್ರತಿಗಳನ್ನೂ ಜನರ ಬಾಯಲ್ಲಿದ್ದುದನ್ನೂ ಅರಸಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಇಂದು ನಮ್ಮ ಮಕ್ಕಳು ಶಾಲೆಯಲ್ಲಿ ಸರ್ವಜ್ಞನನ್ನು ಕಲಿಯುವಾಗ ಅದರ ಹಿಂದೆ ಒಬ್ಬ ಕ್ರೈಸ್ತ ಪಾದ್ರಿಯ ದುಡಿಮೆ ಇದೆಯೆಂದು ಎಷ್ಟು ಮಂದಿ ಬಲ್ಲರು? ಶರಣರ ವಚನಗಳ ಮೇಲೂ ಅವರು ದುಡಿದರು. ಕನ್ನಡಿಗರು ಅವರನ್ನು 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು. ಇಷ್ಟಾದರೂ ಅವರು ಕ್ರಿಸ್ತರನ್ನು ಮುಚ್ಚಿಟ್ಟವರಲ್ಲ. 1921ರಲ್ಲೇ ಅವರು ಹಿಂದೂ ಬಾಂಧವರನ್ನು ಉದ್ದೇಶಿಸಿ ಬರೆದ ಪುಸ್ತಕದ ಹೆಸರು "ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ". ಆ ಕೊನೆಯ ಪದವನ್ನು ಗಮನಿಸಿ. ಸವಾಲಲ್ಲ, ಎಚ್ಚರಿಕೆಯಲ್ಲ, ವಿನಂತಿ. ಹಿಂದಿನ ಶತಮಾನದ ಮಿಷನರಿಗಳ ಕೆಲವು ಕಟುವಾದ ಕರಪತ್ರಗಳನ್ನು ಕಂಡವರಿಗೆ ಈ ಒಂದು ಪದ ಎಷ್ಟು ದೂರ ನಡೆದು ಬಂದಿದೆ ಎಂಬುದು ಗೊತ್ತಾಗುತ್ತದೆ. ಅಥೇನೆಯಲ್ಲಿ ಸಂತ ಪೌಲರು ಊರ ತುಂಬ ವಿಗ್ರಹಗಳನ್ನು ಕಂಡು ಒಳಗೊಳಗೆ ಕುದಿದರೂ, ಮಾತಿಗೆ ನಿಂತಾಗ ಅವರ ಬಲಿಪೀಠದಿಂದಲೂ ಅವರ ಕವಿಗಳ ಮಾತಿನಿಂದಲೂ ಆರಂಭಿಸಲಿಲ್ಲವೇ (ಪ್ರೇಷಿತರ ಕಾರ್ಯಕಲಾಪಗಳು 17)?

ಈಗ ನಮ್ಮ ಬೀದಿಗೆ ಬರೋಣ. ಪ್ರಸಾದದ ಪ್ರಶ್ನೆ ಸಣ್ಣದೆಂದು ಕಂಡರೂ ಎಷ್ಟೋ ಮನೆಗಳ ಸ್ನೇಹ ಕೆಡುವುದು ಅಲ್ಲಿಯೇ. ಸಂಕ್ರಾಂತಿಗೆ ಪಕ್ಕದ ಮನೆಯ ಮಗು ಎಳ್ಳು-ಬೆಲ್ಲ ತಂದರೆ ಸಂತೋಷದಿಂದ ತೆಗೆದುಕೊಳ್ಳಿ. ಕ್ರಿಸ್ತಜಯಂತಿಗೆ ಕಲ್‌ಕಲ್, ರೋಸ್‌ಕುಕ್ಕಿ ತಟ್ಟೆ ತುಂಬ ಕಳುಹಿಸಿ. ನೆರೆಯವರು ಉಣಬಡಿಸಿದ್ದನ್ನು ಕೆದಕಿ ಕೇಳದೆ ಉಣ್ಣಿರಿ, ಇದು ಪೂಜೆಗೆ ಅರ್ಪಿಸಿದ್ದು ಎಂದು ಹೇಳಿದರೆ ಮನಸ್ಸಾಕ್ಷಿಯ ಸಲುವಾಗಿ ಬಿಡಿರಿ ಎಂದು ಸಂತ ಪೌಲರು ಕೊರಿಂಥದವರಿಗೆ ಬುದ್ಧಿ ಹೇಳಿದರು (1 ಕೊರಿಂಥ 10). ಬಿಡುವುದಾದರೆ ಹೇಗೆ ಬಿಡುವುದು? ಮೂಗು ಮುರಿದು ಅಲ್ಲ, ಕದ್ದು ಚರಂಡಿಗೆ ಎಸೆದು ಅಲ್ಲ. ಅದು ಎಲ್ಲಕ್ಕಿಂತ ಕೆಟ್ಟದ್ದು. ಕೈ ಜೋಡಿಸಿ ಹೀಗೆ ಹೇಳಬಹುದು: "ಅಕ್ಕಾ, ನೀವು ಭಕ್ತಿಯಿಂದ ತಂದಿದ್ದೀರಿ, ಅದಕ್ಕೆ ನನಗೆ ಗೌರವ ಇದೆ. ನಮ್ಮ ಪೂಜೆಯಲ್ಲೂ ಪರಮಪ್ರಸಾದ ಅಂತ ಇದೆ. ನಮ್ಮ ವಿಶ್ವಾಸ ಒಪ್ಪಿಕೊಂಡೋರಿಗೆ ಮಾತ್ರ ಅದನ್ನ ಕೊಡ್ತೀವಿ. ಅದು ಬೇರೆಯವರಿಗೆ ಅವಮಾನ ಅಂತ ಅಲ್ಲ. ಇದೂ ಹಾಗೇನೇ." ಭಕ್ತಿಯುಳ್ಳ ಹಿಂದೂ ಗೃಹಿಣಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಪವಿತ್ರವೆಂಬುದರ ಬೆಲೆ ಅವರಿಗೂ ಗೊತ್ತು.

ಮಾತೆ ಮರಿಯಮ್ಮನವರ ಬಗ್ಗೆ ಕೇಳಿದರೆ ಉತ್ತರ ಚಿಕ್ಕದು: ಆರಾಧನೆ ದೇವರೊಬ್ಬರಿಗೇ, ತಾಯಿಗೆ ಗೌರವ, ನಮಗಾಗಿ ಪ್ರಾರ್ಥಿಸು ಎಂದು ಕೇಳಿಕೊಳ್ಳುತ್ತೇವೆ.

ದುಡ್ಡಿನ ಪ್ರಶ್ನೆಗೆ ಸಿಡುಕಬೇಡಿ. ಬಲವಂತದಿಂದಾಗಲಿ ಆಮಿಷದಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ಎಳೆಯಕೂಡದೆಂದು ಅದೇ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ನಿಷೇಧಿಸಿದೆ, ವಯಸ್ಕರೊಬ್ಬರು ಜ್ಞಾನಸ್ನಾನ ಪಡೆಯಬೇಕಾದರೆ ದೀರ್ಘಕಾಲದ ಸಿದ್ಧತೆ ಬೇಕು ಎಂಬುದನ್ನು ಶಾಂತವಾಗಿ ಹೇಳಿ. ಎಲ್ಲಾದರೂ ಯಾರಾದರೂ ಹಾಗೆ ಮಾಡಿದ್ದರೆ ಅದು ತಪ್ಪು ಎಂದೂ ಸೇರಿಸಿ. ನಮ್ಮವರನ್ನು ಬಿಟ್ಟುಕೊಡಬಾರದೆಂದು ಸುಳ್ಳು ಹೇಳುವುದು ಸಮರ್ಥನೆಯಲ್ಲ. ಪೇತ್ರರ ಪತ್ರ ಶುದ್ಧ ಮನಸ್ಸಾಕ್ಷಿಯನ್ನು ಸೇರಿಸಿದ್ದು ಸುಮ್ಮನೆ ಅಲ್ಲ.

"ಎಲ್ಲಾ ಒಂದೇ" ಎನ್ನುವ ಸುಲಭದ ಉತ್ತರದ ಬಗ್ಗೆ ಒಂದು ಮಾತು. ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ. ಜೊತೆಗೆ ಕ್ರಿಸ್ತರೇ ಮಾರ್ಗವೆಂದು ಸಾರುವುದನ್ನೂ ಬಿಡುವುದಿಲ್ಲ. ಕೇಳಿದವರು ನಮ್ಮ ಮನಸ್ಸನ್ನು ತಿಳಿಯಬಯಸಿದಾಗ ತೇಲಿಕೆಯ ಮಾತಾಡಿ ಕಳುಹಿಸುವುದು ಅವರಿಗೆ ಮಾಡುವ ಗೌರವವಲ್ಲ. ಬಾಗಿಲಿಗೆ ಬಂದವರನ್ನು ಒಳಗೆ ಕರೆಯದೆ ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿದಂತೆ ಅದು.

ಮಕ್ಕಳಿಗಂತೂ ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಬೇಕು. ಜಪಸರ ಮುಗಿದ ಮೇಲೆ, ಊಟಕ್ಕೆ ಕುಳಿತಾಗ, "ಇವತ್ತು ಸ್ಕೂಲಲ್ಲಿ ನಮ್ಮ ದೇವರ ಬಗ್ಗೆ ಯಾರಾದ್ರೂ ಏನಾದ್ರೂ ಕೇಳಿದ್ರಾ, ಪುಟ್ಟಾ? ನೀನೇನಂದೆ?" ಎಂದು ವಿಚಾರಿಸಿ. ಮಗು ಸಿಟ್ಟಿನಿಂದ ಉತ್ತರ ಕೊಟ್ಟಿದ್ದರೆ ಬೈಯಬೇಡಿ, ಬೇರೆ ಮಾತು ಹುಡುಕಿಕೊಡಿ. ನಿಮಗೇ ಉತ್ತರ ತಿಳಿಯದಿದ್ದರೆ ನಾಚಿಕೆಪಡಬೇಕಿಲ್ಲ. ತ್ರಿತ್ವದ ರಹಸ್ಯವನ್ನು ಬಸ್ ನಿಲ್ದಾಣದಲ್ಲಿ ಎರಡು ನಿಮಿಷದಲ್ಲಿ ವಿವರಿಸಲು ಎಂಥ ಪಂಡಿತರಿಗೂ ಆಗದು. "ಒಳ್ಳೆ ಪ್ರಶ್ನೆ ಕೇಳಿದ್ರಿ, ನಮ್ಮ ಸ್ವಾಮಿಗಳನ್ನ ಕೇಳಿ ಹೇಳ್ತೀನಿ" ಎನ್ನಬಹುದು. ನಮ್ಮಲ್ಲಿ ಬಹಳ ಮಂದಿ ಇಷ್ಟು ಹೇಳಿ ಅಲ್ಲಿಗೇ ಮರೆಯುತ್ತಾರೆ. ಕೇಳಿದವರು ಮರೆಯುವುದಿಲ್ಲ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಐದು ನಿಮಿಷ ನಿಂತು ಗುರುಗಳನ್ನು ಕೇಳಿ ತಿಳಿದುಕೊಳ್ಳಿ. ಸೋಮವಾರ ಅದೇ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿಯಿದ್ದರೆ ಹೋಗಿ ಕುಳಿತು, "ಅವತ್ತು ಕೇಳಿದ್ರಲ್ಲಾ ಅಣ್ಣಾ" ಎಂದು ನೀವೇ ಮಾತು ತೆಗೆಯಿರಿ.